ಬೋರಲಿಟ್ಟ ಬೂಟು

ಖಂಡೆಪ್ಪ ಆ ಮಾತು ಕೊಟ್ಟಾಗ ಹಳೆಯ ಕೊಲ್ಹಾರ ಇನ್ನೂ ಪೂರ್ತಿ ಮುಳುಗಿರಲಿಲ್ಲ.

ಕೃಷ್ಣೆಯ ಹಿನ್ನೀರು ಮಸೀದಿಯ ಮೆಟ್ಟಿಲಿನವರೆಗೆ ಬಂದಿತ್ತು. ಖಬರಸ್ತಾನ ಹಿಂದಿನ ದಿನವೇ ಹೋಗಿತ್ತು. ದೋಣಿಯವ ಗುಡುಸಾಬ ತನ್ನ ತಂದೆಯ ಗೋರಿ ಇದ್ದ ಕಡೆಗೆ ಬೆರಳು ಮಾಡಿ ತೋರಿಸಿದ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

“ಇನ್ನ ಮುಂದ ನಮ್ಮ ಮನ್ಯಾವ್ರು ಯಾರೂ ನೀರಾಗ ಉಳೀಬಾರ್ದ್ರಿ ಜಮಾದಾರ್ರ. ನಾನರೆ ಆಗ್ಲಿ, ನನ್ನ ಮಗನರೆ ಆಗ್ಲಿ.”

“ಉಳ್ಯಾಂಗಿಲ್ಲ ತಗೋ. ನಿಮ್ಮ ಮನ್ಯಾವ್ರು ಯಾರ ನೀರಾಗ ಹೋದ್ರೂ ನಾ ತರ್ತೇನಿ. ತಂದು ಕೊಲ್ಹಾರದ ಮಣ್ಣಾಗ ಇಡ್ತೇನಿ. ಆತಿಲ್ಲೋ?”

“ಕೈಮ್ಯಾಲ ಕೈ ಇಡ್ರಿ.”

ಖಂಡೆಪ್ಪ ಇಟ್ಟಿದ್ದ.

ಈಗ ಅವನಿಗೆ ಅರವತ್ತೆಂಟು. ಬಸವನ ಬಾಗೇವಾಡಿ ಪೊಲೀಸ್ ಠಾಣೆಯ ಜಮಾದಾರಿಕೆಯಿಂದ ನಿವೃತ್ತನಾಗಿ ಎಂಟು ವರ್ಷ. ಗುಡುಸಾಬ ಇಲ್ಲ. ಖಂಡೆಪ್ಪ ಕುಳಿತಿರುವುದು ಮೆಕ್ಸಿಕೊ ದೇಶದ ದಕ್ಷಿಣ ಮೂಲೆಯಲ್ಲಿ, ಗ್ರಿಹಾಲ್ವಾ ಎಂಬ ನದಿಯ ಮೇಲೆ, ಎದೆಗೆ ಕಿತ್ತಳೆ ಬಣ್ಣದ ಜಾಕೀಟು ಬಿಗಿದುಕೊಂಡು, ಒಂದು ಮೋಟಾರು ದೋಣಿಯಲ್ಲಿ. ಐದು ತಿಂಗಳ ಹಿಂದೆ ಗುಡುಸಾಬನ ಮಗ ತಬ್ರೇಜ ಇದೇ ದೋಣಿಯಿಂದ ಇದೇ ನೀರಿಗೆ ಹೋಗಿದ್ದ. ಹೆಣ ಸಿಕ್ಕಿಲ್ಲ ಎಂದು ಕಡತ ಹೇಳುತ್ತಿತ್ತು.

ದೋಣಿ ಕಂದರದ ಬಾಯಿಯನ್ನು ದಾಟಿತು. ಒಮ್ಮೆಲೇ ಬಿಸಿಲು ಹೋಯಿತು.

ಖಂಡೆಪ್ಪನಿಗೆ ಗೊತ್ತಿದ್ದ ಹೊಳೆ ಅಗಲಕ್ಕೆ ಮಲಗುವಂಥದ್ದು. ಕೊಲ್ಹಾರದ ಸೇತುವೆಯ ಮೇಲೆ ನಿಂತರೆ ಆಚೆ ದಂಡೆ ಮಬ್ಬು ಮಬ್ಬು. ಇಲ್ಲಿ ಹೊಳೆ ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದಿತ್ತು. ಕಲ್ಲು ನೆಟ್ಟಗೆ ಮೇಲಕ್ಕೆ ಹೋಗಿ ಎಲ್ಲಿ ಮುಗಿಯಿತೆಂದು ನೋಡಲು ಟೊಪ್ಪಿಗೆ ಹಿಡಿದುಕೊಳ್ಳಬೇಕು. ಆಕಾಶ ಒಂದು ಪಟ್ಟಿಯಷ್ಟೇ. ಆ ಪಟ್ಟಿಯಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ಕೆಳಗೆ ಒಂದು ಮರಳದಿಣ್ಣೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದುಕೊಂಡಿತ್ತು.

“ಎರಡೂ ಕಡೆ ಗ್ವಾಡಿ ಸಾವಿರ ಮೀಟರ್ ಎತ್ತರ ಅದಾವ್ರಿ ಕಾಕಾ,” ಎಂದ ಸಂಗಮೇಶ. “ಈ ಕಂದರಕ್ಕ ಸುಮಿದೇರೊ ಅಂತಾರ. ಜಗತ್ತಿನ ಮಂದಿ ನೋಡಾಕ ಬರ್ತದ.”

“ಸಂಗಮೇಶ,” ಎಂದಳು ತಬ್ರೇಜನ ಹೆಂಡತಿ ಶಬಾನಾ, “ನಾವ ಊರ ನೋಡಾಕ ಬಂದಿಲ್ಲಪಾ.”

ಸಂಗಮೇಶ ಜಾಕೀಟಿನ ಪಟ್ಟಿ ಬಿಗಿದುಕೊಂಡ.

ಸಿಂದಗಿ ತಾಲ್ಲೂಕಿನ ದೇವಣಗಾಂವದವನು ಅವನು. ತಬ್ರೇಜನೂ ಅವನೂ ಮೊದಲು ಆಲಮಟ್ಟಿಯಲ್ಲಿ ಟರ್ಬೈನ್ ಫಿಟ್ಟರ್‌ಗಳಾಗಿ ಒಟ್ಟಿಗಿದ್ದವರು. ಈ ಕಂದರದ ಕೆಳತುದಿಯಲ್ಲೊಂದು ದೊಡ್ಡ ಅಣೆಕಟ್ಟಿದೆ. ಅಲ್ಲಿನ ವಿದ್ಯುದಾಗಾರದ ರಿಪೇರಿಗೆಂದು ಒಂದು ಗುತ್ತಿಗೆ ಕಂಪನಿ ಇಬ್ಬರನ್ನೂ ಮೂರು ವರ್ಷದ ಹಿಂದೆ ಕರೆತಂದಿತ್ತು. ಸಂಗಮೇಶ ಇಲ್ಲಿನ ಭಾಷೆ ಕಲಿತಿದ್ದ. ಆ ಕಾರಣಕ್ಕೆ ಈ ಪತ್ತೆಯಲ್ಲಿ ಖಂಡೆಪ್ಪನ ನಾಲಗೆಯೂ ಅವನೇ, ಕಿವಿಯೂ ಅವನೇ. ಖಂಡೆಪ್ಪನಿಗೆ ಅನುಮಾನ ಇದ್ದುದೂ ಅವನ ಮೇಲೆಯೇ.

ನಾಳೆ ಬೆಳಿಗ್ಗೆ ಹತ್ತಕ್ಕೆ ಶಬಾನಾ ಕಂಪನಿಯ ಕಚೇರಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು: ‘ಶೋಧ ಮುಗಿದಿದೆ, ನನಗೆ ಒಪ್ಪಿಗೆ ಇದೆ.’ ಅದಕ್ಕೆಂದೇ ಕಂಪನಿ ಅವಳನ್ನು ಕರೆಸಿಕೊಂಡಿತ್ತು, ಜೊತೆಗೊಬ್ಬ ಹಿರಿಯರನ್ನು ತರಬಹುದು ಎಂದಿತ್ತು. ಅವಳು ತವರಾದ ಮುದ್ದೇಬಿಹಾಳದಿಂದ ಅಣ್ಣನನ್ನು ಕರೆಯಲಿಲ್ಲ. ಬಾಗೇವಾಡಿಗೆ ಬಂದು ಖಂಡೆಪ್ಪನ ಬಾಗಿಲು ಬಡಿದಿದ್ದಳು.

ಅವಳ ಕೈಯಲ್ಲಿ ಇನ್ನೂ ಹಸಿರು ಬಳೆ ಇದ್ದವು. ಗಂಡ ಸತ್ತರೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂರುವ ಇದ್ದತ್ತಿಗೆ ಅವಳು ಕೂತಿರಲಿಲ್ಲ. ಕೂರು ಎಂದು ಅರ್ಧ ಓಣಿ, ಬೇಡ ಎಂದು ಅರ್ಧ ಓಣಿ. “ನನ್ನ ಮಗನ ಮಣ್ಣ ನೋಡೋತನಕ ನನ್ನ ಸೊಸಿ ಕೈಬಳಿ ಯಾರೂ ಮುಟ್ಟಬಾರ್ದು,” ಎಂದಿದ್ದಳು ಅತ್ತೆ ಮಾಬುಬಿ. ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಐದು ತಿಂಗಳಿಂದ ಶಬಾನಾ ಬಾಗಿಲಿನ ಹೊಸ್ತಿಲ ಮೇಲೆ ನಿಂತವಳ ಹಾಗೆ ಬದುಕುತ್ತಿದ್ದಳು.

ಹಿಂದೆ ಯಂತ್ರದ ಹತ್ತಿರ ಕುಳಿತಿದ್ದ ದೋಣಿಯವನ ಹೆಸರು ಎಲಿಸೇಯೊ. ವಯಸ್ಸು ಅರವತ್ತರ ಆಜುಬಾಜು, ಒಣಗಿದ ಮೈ, ಹುಲ್ಲಿನ ಟೊಪ್ಪಿಗೆ. ಆ ದಿನವೂ ದೋಣಿ ನಡೆಸಿದ್ದವನು ಅವನೇ.

“ಅದೇ ದೋಣಿ, ಅದೇ ದೋಣಿಯವ, ಅದೇ ಹೊತ್ತು ಆಗಬೇಕು,” ಎಂದು ಖಂಡೆಪ್ಪ ನಿನ್ನೆ ಹಟ ಹಿಡಿದಿದ್ದ. “ಪಂಚನಾಮಿ ಅಂದ್ರ ಕಾಗದ ಬರಿಯೋದಲ್ಲಪಾ. ಜಾಗಾಕ್ಕ ಹೋಗಿ ನಿಂದ್ರೋದು.”

ಒಂದು ಕಡೆ ಗೋಡೆಯ ಮೇಲಿನಿಂದ ಹಾವಸೆ ಪದರ ಪದರವಾಗಿ ಇಳಿದು ದೊಡ್ಡ ಮರದ ಆಕಾರವಾಗಿ ನಿಂತಿತ್ತು. ಅದರ ಒಂದೊಂದು ಕೊಂಬೆಯಿಂದಲೂ ನೀರು ದಾರದಂತೆ ಇಳಿಯುತ್ತಿತ್ತು. ಎಲಿಸೇಯೊ ಯಂತ್ರ ನಿಲ್ಲಿಸಿದ. ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಇಲ್ಲೇನು?”

“ಇಲ್ಲೇ ರಿ ಕಾಕಾ.”

“ಹೇಳು.”

“ತಬ್ರೇಜ ದೋಣಿ ಮುಂದಿನ ತುದೀಗೆ ಹೋದ್ರಿ. ಸೆಕಿ ಅಂತ ಜಾಕೀಟ ತಗದಿದ್ದ. ‘ಫೋಟೊ ಹೊಡಿ’ ಅಂತ ಎದ್ದ ನಿಂತಾ. ದೊಡ್ಡ ದೋಣಿ ಒಂದ ಬಾಜೂಕ ಹೋತು, ಅಲಿ ಬಂತು. ಬಿದ್ದಾ. ಮ್ಯಾಲೆ ಬರ್ಲಿಲ್ಲ.”

“ಈ ಮಾತ ಎಷ್ಟ ಮಂದಿಗೆ ಹೇಳಿದಿ?”

“ಪೊಲೀಸರಿಗೆ, ಕಂಪನ್ಯಾವ್ರಿಗೆ… ಭಾಬಿಗೆ ಫೋನಿನ್ಯಾಗ.”

“ಹೂಂ. ಎಲ್ಲಾ ಕಡೆ ಹಿಂಗಽ ಹೇಳಿದಿ. ಒಂದ ಶಬ್ದ ಹೆಚ್ಚಿಲ್ಲ, ಒಂದ ಕಡಿಮಿಲ್ಲ. ಖರೇ ಹೇಳಾವ ಎಲ್ಲರೆ ಒಂದ ಕಡೆ ತಪ್ತಾನ ಸಂಗಮೇಶ. ನೀ ತಪ್ಪಾಂಗಿಲ್ಲ. ಅವಂಗ ಕೇಳು, ಏನ ನೋಡಿದಿ ಅಂತ.”

ಸಂಗಮೇಶ ಕೇಳಿದ. ಎಲಿಸೇಯೊ ಮಾತು ಶುರು ಮಾಡಿದ. ನೀರಿನ ಕಡೆ ಕೈ ಮಾಡಿದ, ಸಂಗಮೇಶನ ಕಡೆ ಕೈ ಮಾಡಿದ, ಎರಡು ಬೆರಳು ಎತ್ತಿ ತೋರಿಸಿದ, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಾತಾಡುತ್ತಲೇ ಹೋದ.

“ತಾನೂ ಅಷ್ಟೇ ನೋಡೇನಿ ಅಂತಾನ್ರಿ,” ಎಂದ ಸಂಗಮೇಶ.

“ಅಷ್ಟ ಹೊತ್ತ ಮಾತಾಡಿ ಅಷ್ಟೇ ಅಂದ್ನಾ?” ಎಂದಳು ಶಬಾನಾ. “ನಿನ್ನ ಕಡೆ ಸಂತಿ ತರಿಸಿದ್ರ ಚೀಲಾನೂ ಮನಿಗಿ ಬರಾಂಗಿಲ್ಲ ಬಿಡು.”

ಸಂಗಮೇಶ ನಗಲು ನೋಡಿದ. ಆಗಲಿಲ್ಲ.

ಖಂಡೆಪ್ಪ ಕೈಚೀಲದಿಂದ ಒಂದು ಹಾಳೆ ತೆಗೆದ. ನಿನ್ನೆ ಕಚೇರಿಯಲ್ಲಿ ಕೊಟ್ಟ ಕಡತದ ಅರವತ್ತು ಪುಟದಲ್ಲಿ ಅವನಿಗೆ ಓದಲು ಬಂದದ್ದು ತಾರೀಖು ಮಾತ್ರ. ಹಾಗಾಗಿ ಹೋಟೆಲಿನ ಕೋಣೆಯಲ್ಲಿ, ಗೋವಿನಜೋಳದ ಅಂಗೈಯಗಲದ ರೊಟ್ಟಿ ತಿನ್ನುತ್ತ, ಚಿತ್ರಗಳನ್ನು ನೋಡಿದ್ದ. ಒಂದನ್ನು ಬಿಡಿಸಿಕೊಂಡಿದ್ದ. ಅವಘಡದ ದಿನ ದೋಣಿ ದಂಡೆಯ ಕಟ್ಟೆಗೆ ಬಂದ ಕೂಡಲೇ ಪೊಲೀಸರು ತೆಗೆದದ್ದು.

ಚಿತ್ರದಲ್ಲಿ ದೋಣಿಯ ಮುಂಭಾಗ. ಒಂದು ಜಾಕೀಟು. ಪಕ್ಕದಲ್ಲಿ ದಾರವಿಲ್ಲದ ನೀಲಿ ಬಟ್ಟೆಬೂಟು, ಒಂದು ಜೊತೆ. ಎರಡೂ ಬೋರಲು. ಹಿಮ್ಮಡಿಗೆ ಹಿಮ್ಮಡಿ ಹಚ್ಚಿ, ತಳ ಆಕಾಶಕ್ಕೆ.

ಶಬಾನಾ ಚಿತ್ರ ನೋಡಿದಳು. ಅವಳ ಬಳೆಗಳು ಸದ್ದು ಮಾಡಿದವು, ಆಮೇಲೆ ನಿಂತವು.

“ಗೊತ್ತಾತಿಲ್ಲೋ?” ಎಂದ ಖಂಡೆಪ್ಪ.

“ಗೊತ್ತಾತ್ರಿ ಕಾಕಾ.”

“ಏನ್ರಿ ಅದು?” ಎಂದ ಸಂಗಮೇಶ. “ಬೂಟ ಅಲ್ರೀ. ದೋಣಿ ಅಳ್ಳಾಡಿ ಡಬ್ಬ ಬಿದ್ದಿರಬೇಕು.”

“ಎರಡೂ ಒಂದಽ ಸಲ, ಜೋಡ್ಲೆ, ಹೊಂದಿಸಿ ಇಟ್ಟಂಗ ಬಿದ್ದಾವು?” ಖಂಡೆಪ್ಪ ಹಾಳೆಯನ್ನು ಮೊಣಕಾಲ ಮೇಲೆ ಹರಡಿದ. “ನಿನಗ ಗೊತ್ತಿಲ್ಲ. ಅದಕ್ಕಽ ನೀ ಅವನ್ನ ಮುಟ್ಟಲಿಲ್ಲ. ಗೊತ್ತಿದ್ರ ಹೊಳ್ಯಾಗ ಒಗೀತಿದ್ದಿ.”

ಗುಡುಸಾಬ ಮೀನು ಹಿಡಿಯುವವನು. ಆದರೆ ಕೃಷ್ಣೆಯಲ್ಲಿ ಯಾರಾದರೂ ಮುಳುಗಿದರೆ ಠಾಣೆಯಿಂದ ಮೊದಲು ಹೋಗುತ್ತಿದ್ದುದು ಅವನ ಮನೆಗೆ. ಇಪ್ಪತ್ತು ವರ್ಷ ಖಂಡೆಪ್ಪ ಅವನ ದೋಣಿಯಲ್ಲಿ ಕೂತು ಕಾದಿದ್ದ. ಮೀನಿಗೆ ಇಳಿಯುವಾಗ ಗುಡುಸಾಬ ಚಪ್ಪಲಿ ಎಲ್ಲೋ ಒಗೆದು ಇಳಿಯುತ್ತಿದ್ದ. ಮನುಷ್ಯನನ್ನು ತರಲು ಇಳಿಯುವಾಗ ಮಾತ್ರ ಎರಡನ್ನೂ ಕಳಚಿ, ಜೋಡಿಸಿ, ಬೋರಲು ಹಾಕುತ್ತಿದ್ದ. ಬೋರಲು ಬಿದ್ದ ಚಪ್ಪಲಿ ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ, ನೆಟ್ಟಗೆ ಮಾಡುತ್ತದೆ. ಗುಡುಸಾಬ ಬಿಡುತ್ತಿರಲಿಲ್ಲ. “ಮುಟ್ಟಬ್ಯಾಡ್ರಿ. ನಾನಽ ಬಂದು ನೆಟ್ಟಗ ಮಾಡ್ಬೇಕು. ಆ ಕೆಲಸ ಬಾಕಿ ಐತಿ ಅಂತ ಮ್ಯಾಲೆ ಬರ್ತೇನಿ,” ಎನ್ನುತ್ತಿದ್ದ.

“ನಮ್ಮ ಮನ್ಯಾಗ ಹುಡುಗರ ಚಪ್ಪಲಿ ಡಬ್ಬ ಬಿದ್ರ ಅತ್ತಿ ಬೈತಾಳ,” ಎಂದಳು ಶಬಾನಾ. ಯಾರಿಗೆ ಹೇಳುತ್ತಿದ್ದಳೋ. “ಮಾಮಾ ಅವರ್ದು ಇದ್ರ ಮಾತ್ರ ಯಾರೂ ಮುಟ್ತಿರಲಿಲ್ಲ. ನನ್ನ ಗಂಡನೂ ಹಂಗಽ ಮಾಡ್ತಿದ್ರು. ಆಲಮಟ್ಟ್ಯಾಗ ಕಾಲವ್ಯಾಗ ಬಿದ್ದ ಮುದುಕನ್ನ ತಗ್ಯಾಕ ಹೋದಾಗ…”

“ಬಿದ್ದಾವ ಬೂಟ ತಗ್ಯಾಂಗಿಲ್ಲ,” ಎಂದ ಖಂಡೆಪ್ಪ. “ಫೋಟೊಕ್ಕ ನಿಂತಾವ ಬೂಟ ತಗದು ಡಬ್ಬ ಇಡಾಂಗಿಲ್ಲ. ತಬ್ರೇಜ ಬಿದ್ದಿಲ್ಲ ಸಂಗಮೇಶ. ಇಳದಾನ. ಮನುಷ್ಯಾನ್ನ ತರಾಕ ಇಳದಾನ. ಈ ದೋಣ್ಯಾಗ ಇದ್ದವ್ರು ಮೂರ ಮಂದಿ. ದೋಣಿಯವ ಯಂತ್ರದ ಹತ್ರ. ನಿನಗ ಈಸ ಬರ್ತೈತೇನು?”

ಸಂಗಮೇಶ ಎರಡೂ ಕೈಯಿಂದ ದೋಣಿಯ ಅಂಚು ಹಿಡಿದುಕೊಂಡ.

“ಭೀಮಾ ಹೊಳಿ ದಂಡಿ ಮ್ಯಾಲೆ ಹುಟ್ಟಿದಾವ. ಈಸ ಬರ್ತೈತೇನಂತ ಕೇಳಿದೆ.”

“ಬರಾಂಗಿಲ್ರಿ.”

“ನೀರಾಗ ಮೊದಲ ಹೋದಾವ ಯಾರು?”

ದೋಣಿ ತನ್ನಷ್ಟಕ್ಕೆ ತಾನು ನಿಧಾನವಾಗಿ ತಿರುಗುತ್ತಿತ್ತು. ಸಂಗಮೇಶ ಗೋಡೆಯನ್ನು ನೋಡಿದ, ಎಲಿಸೇಯೊನನ್ನು ನೋಡಿದ. ಎಲಿಸೇಯೊಗೆ ಒಂದು ಶಬ್ದವೂ ತಿಳಿದಿರಲಿಲ್ಲ, ಆದರೂ ಅವನು ತಲೆ ಅಲ್ಲಾಡಿಸಿದ. ಸಾಕು, ಹೇಳು ಎನ್ನುವ ಹಾಗೆ.

“ನಾ ರಿ.”

ಶಬಾನಾ ಕಣ್ಣು ಮುಚ್ಚಿದಳು.

“ನಮ್ಮ ಕಡೆ ಇಂಡಿ ಊರಾಗ ನನಗ ಹೆಣ್ಣ ಗೊತ್ತ ಮಾಡಿದ್ರು. ಆಕಿಗಿ ಫೋಟೊ ಕಳಸಬೇಕಂತ… ಜಾಕೀಟ ಹಾಕ್ಕೊಂಡ್ರ ಚಂದ ಕಾಣಾಂಗಿಲ್ಲಂತ ನಾನಽ ತಗದೆ. ನಾನಽ ತುದೀಗೆ ನಿಂತೆ. ತಬ್ರೇಜ ಬೈದ, ‘ಕುಂಡ್ರಲೇ, ದೋಣ್ಯಾಗ ನಿಂದ್ರಬಾರ್ದು’ ಅಂತ. ಬೈಕೋತಽ ಫೋಟೊ ಹೊಡದ. ಅಲಿ ಬಂತು.”

“ಮುಂದ.”

“ಕೆಳಗ ಹೋದೆ. ಕತ್ತಲಿ. ಆಮ್ಯಾಲ ಎದುರಿಗೆ ತಬ್ರೇಜ ಬಂದ್ರಿ, ಜಾಕೀಟ ಬಿಚ್ಚಿ ಇಳದಿದ್ದ. ಬರೋಬ್ಬರಿ ನನ್ನ ಮಾರಿ ಮುಂದ ಬಂದ. ನನ್ನ ಮಾರಿ ನೋಡಿದ. ನನ್ನ ಕೈ ಹಿಡದ.” ಸಂಗಮೇಶ ತನ್ನ ಮಣಿಕಟ್ಟು ಹಿಡಿದು ತೋರಿಸಿದ. “ನನಗೇನೂ ತಿಳಿಲಿಲ್ಲ ಕಾಕಾ. ಸಿಕ್ಕಿದ್ದ ಹಿಡದೆ. ಕುತ್ಗಿ ಹಿಡದೆ. ಹೆಗಲ ಮ್ಯಾಲೆ ಕಾಲಿಟ್ಟ ಒದ್ದೆ. ಅವನ್ನ ಒದ್ದು ಮ್ಯಾಲೆ ಬಂದೆ. ಇವ ನನ್ನ ಎಳಕೊಂಡ, ನನ್ನ ಜಾಕೀಟ ನನಗ ಹಾಕಿದ. ಅವ ಬರ್ಲಿಲ್ಲ.”

ಖಂಡೆಪ್ಪ ಬೂಟಿನ ಚಿತ್ರವನ್ನು ಮಡಚಿದ.

ಎದುರಿನಿಂದ. ಮುಳುಗುತ್ತಿರುವವನ ಹತ್ತಿರ ಎದುರಿನಿಂದ ಹೋಗಬಾರದು, ಹಿಂದಿನಿಂದ ಹೋಗಿ ಹಿಡಿಯಬೇಕು ಎಂದು ಈಸು ಕಲಿಸುವ ಯಾರಾದರೂ ಹೇಳುತ್ತಾರೆ. ಗುಡುಸಾಬ ಹೇಳುತ್ತಿದ್ದುದು ಬೇರೆ. “ಹಿಂದಿಂದ ಹಿಡಿಯೋದು ಕಳ್ಳರ್ನ ಜಮಾದಾರ್ರ, ಅದು ನಿಮ್ಮ ಕೆಲಸ. ಇವ್ರು ಕಳ್ಳರಲ್ಲ. ಮಾರಿ ನೋಡಬೇಕು, ಕೈ ಹಿಡೀಬೇಕು, ಆಮ್ಯಾಲ ಕರೀಬೇಕು.” ಅವನು ತರುತ್ತಿದ್ದುದು ಹೆಣಗಳನ್ನು. ಹೆಣ ತಿರುಗಿ ಹಿಡಿಯುವುದಿಲ್ಲ.

ಆ ಮನೆಯಲ್ಲಿ ತಂದೆಯಿಂದ ಮಗ ಕಲಿತದ್ದು ಸತ್ತವರನ್ನು ಮರ್ಯಾದೆಯಿಂದ ಮೇಲೆ ತರುವ ಕೆಲಸ. ಬದುಕಿರುವವನನ್ನು ಹೇಗೆ ತರಬೇಕು ಎಂದು ಯಾರೂ ಯಾರಿಗೂ ಕಲಿಸಿರಲಿಲ್ಲ. ಕಲಿಸುವ ಪ್ರಸಂಗವೇ ಬಂದಿರಲಿಲ್ಲ. ಠಾಣೆಯವರು ಕರೆಯುತ್ತಿದ್ದುದೇ ಎಲ್ಲ ಮುಗಿದ ಮೇಲೆ.

ಕರೆಯಲು ಹೋಗುತ್ತಿದ್ದವನು ಖಂಡೆಪ್ಪ.

“ಯಾಕ ಸುಳ್ಳ ಹೇಳಿದಿ?” ಶಬಾನಾಳ ದನಿ ಏರಿರಲಿಲ್ಲ. ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳುವಷ್ಟು ಸಣ್ಣಗಿತ್ತು. “ಅವ್ರು ನಿನ್ನ ಉಳಿಸಿದ್ರು ಅಂದಿದ್ರ ನಾ ನಿನ್ನ ಬೈತಿದ್ದಿಲ್ಲ. ನಿನ್ನ ಕೈಲೆ ಒಂದ ಗ್ಲಾಸ ಚಾ ಕುಡದು, ‘ನನ್ನ ಗಂಡ ಕೊಟ್ಟ ಜೀವಾ ಐತಿ, ಛಲೋ ನೋಡ್ಕೋ’ ಅಂತಿದ್ದೆ.”

“ಒದ್ದಿದ್ದ ಹೆಂಗ ಹೇಳ್ಲಿ ಭಾಬಿ.”

“ನಿಂತಾವ ನೀ, ಬಿದ್ದಾವ ನೀ. ಎರಡೂ ಅವ್ರ ಹೆಸರಿಗೆ ಬರಸಿದಿ. ಗುಡುಸಾಬನ ಮಗ ಫೋಟೊಕ್ಕ ನಿಂತ ಸತ್ತ ಅಂತ ಕೊಲ್ಹಾರದಾಗ ನಕ್ಕರಲೋ. ಅತ್ತಿ ಅದನ್ನೂ ಕೇಳಿದ್ಲು.”

ಸಂಗಮೇಶ ಮುಖ ಮುಚ್ಚಿಕೊಂಡ.

ಖಂಡೆಪ್ಪ ಬಿಡಲಿಲ್ಲ. ನಲವತ್ತು ವರ್ಷದ ಅಭ್ಯಾಸ. ಅಳುವವನ ಬಾಯಲ್ಲಿ ಇನ್ನೂ ಒಂದು ಮಾತು ಉಳಿದಿರುತ್ತದೆ. “ಹೆಣ ಎಲ್ಲೈತಿ?”

“ಗೊತ್ತಿಲ್ರಿ.”

“ಸಂಗಮೇಶ.”

ಸಂಗಮೇಶ ಮುಖದಿಂದ ಕೈ ತೆಗೆದ.

“ಒಂಬತ್ತನೇ ದಿನಾ ಒಂದ ಸಿಕ್ಕಿತ್ರಿ. ಅಣೆಕಟ್ಟಿನ ಹತ್ರ, ಕಸದಾಗ. ನೋಡಾಕ ನನ್ನ ಕರದ್ರು. ನಾ… ಅಲ್ಲ ಅಂದೆ.”

“ಯಾರ ಅಲ್ಲ?”

“ತಬ್ರೇಜ ಅಲ್ಲ ಅಂದೆ. ಹೌದು ಅಂದ್ರ ಹೆಂಗಾತು ಅಂತ ಮತ್ತ ಕೇಳ್ತಿದ್ರು. ಅವನ ಮುಂದ ನಿಂತು ಮತ್ತ ಅದಽ ಸುಳ್ಳ ಹೇಳಾಕ ನನ್ನ ಕಡೆ ಆಗ್ಲಿಲ್ರಿ. ಅಲ್ಲ ಅಂತ ಒಂದಽ ಮಾತ ಹೇಳಿ ಹೊರಗ ಬಂದೆ.”

“ಮಾರಿ ನೋಡಿದ್ಯಾ?” ಎಂದಳು ಶಬಾನಾ.

“ನೋಡಿದೆ.”

“ನೋಡಿ ಅಲ್ಲ ಅಂದ್ಯಾ?”

“ಹೌದ್ರಿ.”

ಅವಳು ಅವನನ್ನು ಹೊಡೆಯಲಿಲ್ಲ. ಪಕ್ಕಕ್ಕೆ ಬಾಗಿ ನೀರಿನಲ್ಲಿ ಕೈ ಅದ್ದಿದಳು, ಬಳೆ ಮುಳುಗುವವರೆಗೆ. ಹಾಗೇ ಇಟ್ಟುಕೊಂಡಳು.

ಐದು ತಿಂಗಳು ಅವಳು ಈ ನೀರನ್ನು ನೆನೆದು ನಿದ್ದೆಗೆಟ್ಟಿದ್ದಳು. ಅವನು ಇದರಲ್ಲಿ ಇದ್ದುದು ಒಂಬತ್ತೇ ದಿನ.

ಆಗ ಎಲಿಸೇಯೊ ಯಂತ್ರ ಬಿಟ್ಟು ಎದ್ದು ಬಂದ. ಬಂದವನು ಶಬಾನಾಳ ಎದುರು ಕುಳಿತು, ಅವಳ ಮಡಿಲಲ್ಲಿದ್ದ ಫೋನಿನ ಕಡೆ ಬೆರಳು ತೋರಿಸಿದ. ಹೋಟೆಲಿನಲ್ಲಿ ನಿನ್ನೆ ಅವಳು ಅದರಲ್ಲಿ ಇಲ್ಲಿನ ಭಾಷೆಯನ್ನು ಹಿಂದಿಗೆ ತಿರುಗಿಸುವ ಆ್ಯಪ್ ಇಳಿಸಿಕೊಂಡಿದ್ದಳು. ಬೆಳಿಗ್ಗೆ ಕಟ್ಟೆಯ ಮೇಲೆ ಅದರಲ್ಲೇ ಅವನ ಹೆಸರು ಕೇಳಿದ್ದಳು. ಸಂಗಮೇಶನ ಬಾಯಿಯ ಮೇಲೆ ಆಕೆಗೂ ನಂಬಿಕೆ ಇರಲಿಲ್ಲ.

ಅವಳು ಕೊಟ್ಟಳು. ಅವನು ಒಂದೇ ಬೆರಳಿನಿಂದ ಬರೆಯತೊಡಗಿದ. ಒಂದೊಂದೇ ಅಕ್ಷರ. ಅಳಿಸಿದ, ಮತ್ತೆ ಬರೆದ. ಹಾವಸೆಯ ನೀರು ಅವನ ಟೊಪ್ಪಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಫೋನು ಶಬಾನಾಳ ಕೈಗೆ ಬಂತು. ಅವಳು ಹಿಂದಿಯಲ್ಲಿದ್ದುದನ್ನು ಓದಿಕೊಂಡು ಖಂಡೆಪ್ಪನಿಗೆ ಕನ್ನಡದಲ್ಲಿ ಹೇಳಿದಳು, ಸಾಲು ಸಾಲಾಗಿ.

“‘ಆ ದಿನಾ ನಾನೂ ಹೆದರಿದೆ. ಜಾಕೀಟ ಇಲ್ದ ಕೂಡ್ರಿಸಿದ್ದೆ. ಲೈಸೆನ್ಸ ಹೋಗ್ತಿತ್ತು. ಅದಕ್ಕ ಇವನ ಮಾತಿಗೆ ಹೂಂ ಅಂದೆ.’”

ಮತ್ತೆ ಫೋನು ಅವನ ಕೈಗೆ. ಮತ್ತೆ ಒಂದು ಬೆರಳು.

“‘ನನ್ನ ಅಕ್ಕಗ ಒಬ್ಬ ಮಗ ಇದ್ದ. ಮತೇಯೊ ಅಂತ. ಆರ ವರ್ಷದ ಹಿಂದ ಕೆಲಸಕ್ಕಂತ ಹೋದಾವ ಬರ್ಲಿಲ್ಲ. ಅಕ್ಕ ಎಲ್ಲಾ ಕಡೆ ಹುಡುಕಿದ್ಲು. ಎಲ್ಲಿ ಹೆಣ ಸಿಕ್ರೂ ಹೋಗಿ ನೋಡ್ತಿದ್ಲು. ಆರ ವರ್ಷ ಸರಿಯಾಗಿ ನಿದ್ದಿ ಮಾಡಿಲ್ಲ.’”

ಶಬಾನಾ ಓದುವುದನ್ನು ನಿಲ್ಲಿಸಿದಳು. ಮುಂದಿನದನ್ನು ಅವಳು ಆಗಲೇ ಊಹಿಸಿದ್ದಳು ಎಂದು ಖಂಡೆಪ್ಪನಿಗೆ ಅನಿಸಿತು. ಅವನಿಗೂ ಹೊಳೆದಿತ್ತು.

“ಓದವಾ,” ಎಂದ.

“‘ಒಂಬತ್ತನೇ ದಿನಾ ಆಕೀನೂ ಬಂದಿದ್ಲು. ಇವ ಅಲ್ಲ ಅಂತ ಹೊರಗ ಬಂದ. ಆಕಿ ಬಾಗಲಾಗಽ ಇವನ್ನ ನಿಂದ್ರಿಸಿ ಕೇಳಿದ್ಲು, ನಿಮ್ಮವನಲ್ಲ ಹೌದಲ್ಲೋ ಅಂತ. ಅಲ್ಲ ಅಂದ. ಆಕಿ ಒಳಗ ಹೋಗಿ ನನ್ನ ಮಗ ಅಂದ್ಲು.’”

ಸಂಗಮೇಶ ಮುಖ ಎತ್ತಿದ. ಇಷ್ಟು ಅವನಿಗೂ ಗೊತ್ತಿರಲಿಲ್ಲ.

“‘ನನ್ನ ಅಕ್ಕನ ಮಗಗ ಬಲಗೈಯಾಗ ನಾಕಽ ಬೆರಳು. ಯಂತ್ರದಾಗ ಒಂದ ಹೋಗಿತ್ತು. ಆ ಹೆಣಕ್ಕ ಐದ ಇದ್ದವು. ಅಕ್ಕ ಎಣಸಲಿಲ್ಲ. ನಾನೂ ಎಣಸು ಅನಲಿಲ್ಲ.’”

ಮೇಲೆ ರಣಹದ್ದುಗಳು ಇನ್ನೂ ಸುತ್ತುತ್ತಿದ್ದವು. ಪ್ರವಾಸಿಗಳ ದೊಡ್ಡ ದೋಣಿಯೊಂದು ಪಕ್ಕದಲ್ಲಿ ಹೋಯಿತು. ಮಂದಿ ಕೈ ಬೀಸಿದರು. ಅಲೆ ಬಂದು ಇವರ ದೋಣಿಯನ್ನು ಎತ್ತಿ ಇಳಿಸಿತು.

“ಎಲ್ಲಿ ಇಟ್ಟಾರ ಕೇಳು,” ಎಂದ ಖಂಡೆಪ್ಪ.

ಅವಳು ಬರೆದಳು. ಎಲಿಸೇಯೊ ಗೋಡೆಯ ತುದಿಗೆ, ಆಚೆಗೆ ಕೈ ತೋರಿಸಿದ. ಕಂದರದ ಮೇಲೆ ಅವರ ಊರು, ಅಲ್ಲೇ ಸ್ಮಶಾನ. ಪ್ರತಿ ಭಾನುವಾರ ಅಕ್ಕ ಹೂವು ಇಟ್ಟು ಬರುತ್ತಾಳೆ. ಈಗ ಹೊಟ್ಟೆತುಂಬ ಉಣ್ಣುತ್ತಾಳೆ. ನಿದ್ದೆ ಮಾಡುತ್ತಾಳೆ.

“ಗೋರಿ ಮ್ಯಾಲೆ ಯಾವ ಹೆಸರ ಬರದಾರ?”

ಅದನ್ನು ತಿರುಗಿಸಲು ಫೋನು ಬೇಕಾಗಲಿಲ್ಲ. “ಮತೇಯೊ,” ಎಂದ ಎಲಿಸೇಯೊ.

ಶಬಾನಾ ಆಗ ಅತ್ತಳು. ಸದ್ದಿಲ್ಲದೆ, ಬಾಯಿ ತೆರೆದು, ಮಕ್ಕಳು ಉಸಿರು ಕಟ್ಟಿ ಅಳುವ ಹಾಗೆ. ಜನಾಜಾ ನಮಾಜಿಲ್ಲ, ಹಿಡಿ ಮಣ್ಣು ಹಾಕುವ ತನ್ನ ಕೈಯಿಲ್ಲ, ಕೊನೆಗೆ ಹೆಸರೂ ಇಲ್ಲ. ಖಂಡೆಪ್ಪ ಅವಳ ತಲೆಯ ಮೇಲೆ ಕೈ ಇಟ್ಟ. ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಎಷ್ಟು ಹೆಂಗಸರಿಗೆ ಈ ಸುದ್ದಿ ಹೇಳಿದ್ದ. ಒಮ್ಮೆಯೂ ಸರಿಯಾದ ಮಾತು ಸಿಕ್ಕಿರಲಿಲ್ಲ. ಇವತ್ತೂ ಸಿಗಲಿಲ್ಲ.

ದೋಣಿ ಬಂದ ದಾರಿಯಲ್ಲೇ ಹಿಂತಿರುಗಿ, ಕಂದರ ಮುಗಿದು ಬಿಸಿಲು ಬರುವ ಹೊತ್ತಿಗೆ ಅವಳು ಮುಖ ಒರೆಸಿಕೊಂಡಿದ್ದಳು.

“ನನಗ ನನ್ನ ಗಂಡ ಬೇಕ್ರಿ ಕಾಕಾ.”

“ಹೌದವಾ.”

“ಆಕಿಗಿ ನಾನಽ ಹೇಳ್ತೇನಿ. ನಾಳಿ ಸಹಿ ಮಾಡಾಂಗಿಲ್ಲ.”

“ಹೇಳು. ನಾ ನಿನ್ನ ಜೋಡಿ ಅದೇನಿ. ನಿಮ್ಮ ಮಾಮಾಗ ಕೊಟ್ಟ ಮಾತೈತಿ, ಅವನ್ನ ತಗೊಂಡಽ ಹೋಗೂನು.”

ಆ ಕ್ಷಣದಲ್ಲಿ ಖಂಡೆಪ್ಪ ಅದನ್ನು ಮನಸಾರೆ ಹೇಳಿದ್ದ.

ಚಿಯಾಪಾ ದೆ ಕೋರ್ಸೊ ಊರಿನ ಕಟ್ಟೆ ಹತ್ತಿರ ಬಂದಾಗ ಎಲಿಸೇಯೊ ಯಂತ್ರದ ವೇಗ ಇಳಿಸಿದ. ಅವನ ಮುಖದ ಬಣ್ಣ ಹೋಗಿತ್ತು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಎಪ್ಪತ್ತರ ಹತ್ತಿರ, ಕಪ್ಪು ಶಾಲು, ಎರಡು ಬಿಳಿ ಜಡೆ. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

ಎಲಿಸೇಯೊ ಏನೋ ಅಂದ.

“ಇವನ ಅಕ್ಕ ಅಂತ್ರಿ,” ಎಂದ ಸಂಗಮೇಶ. “ಇಂಡಿಯಾದಿಂದ ಗಂಡನ್ನ ಹುಡುಕ್ಕೊಂಡ ಒಬ್ಬಾಕಿ ಬಂದಾಳಂತ ಊರಾಗ ಸುದ್ದಿ ಆಗೇತಂತ. ಇವ ಕರದಿಲ್ಲಂತ.”

ದೋಣಿಯನ್ನು ಕಟ್ಟುವ ಮೊದಲೇ ಶಬಾನಾ ಇಳಿದಳು. ಫೋನು ಖಂಡೆಪ್ಪನ ಕೈಗೆ ತುರುಕಿ, ಎರಡೂ ಕೈ ಬಿಡುವಾಗಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಸಂಗಮೇಶ ಹಿಂದೆ, ಖಂಡೆಪ್ಪ ಕೊನೆಗೆ.

ಮುದುಕಿ ಬುಟ್ಟಿ ಕೆಳಗಿಟ್ಟು ಶಬಾನಾಳ ಕೈಗಳನ್ನು ಹಿಡಿದುಕೊಂಡಳು. ಏನೋ ಕೇಳಿದಳು.

ಯಾರೂ ಹೇಳದೆ ಸಂಗಮೇಶ ತಿರುಗಿಸಿದ. “‘ಮಗಳ, ನಿನ್ನ ಗಂಡ ಸಿಕ್ಕನೇನು?’ ಅಂತಾಳ್ರಿ. ‘ನನ್ನ ಮಗ ಆರ ವರ್ಷಕ್ಕ ಸಿಕ್ಕ. ಧೈರ್ಯ ಬಿಡಬ್ಯಾಡ. ನಿನಗೂ ಸಿಗ್ತಾನ. ನಾ ದಿನಾ ಬೇಡಿಕೊಳ್ತೇನಿ’ ಅಂತಾಳ್ರಿ.”

ಶಬಾನಾ ಮುದುಕಿಯ ಮುಖವನ್ನೇ ನೋಡುತ್ತಿದ್ದಳು.

“ಹೇಳು,” ಎಂದಳು ಸಂಗಮೇಶನಿಗೆ. “ಸಿಕ್ಕಾನ ಅಂತ ಹೇಳು. ನೀವ ಹೂವ ಇಡ್ತೀರಲ್ಲ, ಆ ಗೋರ್ಯಾಗ ಇರಾಂವ ನನ್ನ ಗಂಡ ಅಂತ ಹೇಳು. ಒಂದ ಶಬ್ದಾನೂ ಬಿಡಬ್ಯಾಡ.”

ಸಂಗಮೇಶ ತುಟಿ ಒದ್ದೆ ಮಾಡಿಕೊಂಡ. ಮಾತಾಡಿದ. ನಿಧಾನವಾಗಿ, ತಲೆ ತಗ್ಗಿಸಿ.

ಮುದುಕಿ ಕೇಳಿಸಿಕೊಂಡಳು. ಅವಳ ಮುಖ ನಡುಗಿತು. ಆಮೇಲೆ ಅವಳು ಶಬಾನಾಳನ್ನು ಎದೆಗೆ ಅಪ್ಪಿಕೊಂಡು ಹಣೆಗೆ ಮುತ್ತಿಟ್ಟಳು. ಅಳುತ್ತ ನಕ್ಕಳು. ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು ಅವಳ ಕೈಗಿಟ್ಟು, ತಿನ್ನು ಎಂದು ಸನ್ನೆ ಮಾಡಿದಳು.

ದೋಣಿಯಲ್ಲಿ ಎಲಿಸೇಯೊ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

“ಇಂವ ಏನ ಹೇಳಿದಾ?” ಶಬಾನಾ ಆ ಅಪ್ಪುಗೆಯೊಳಗಿನಿಂದಲೇ ತಿರುಗಿದಳು. “ಕಾಕಾ, ಇಂವ ಆಕಿಗಿ ಏನ ಹೇಳಿದಾ?”

“ಸಿಕ್ಕಾನ ಅಂತ ಅಷ್ಟಽ ಹೇಳಿದೆ ಭಾಬಿ,” ಎಂದ ಸಂಗಮೇಶ, ನೆಲ ನೋಡುತ್ತ.

ಖಂಡೆಪ್ಪನ ಜೇಬಿನಲ್ಲಿ ಅವನ ಫೋನು ಹೊಡೆದುಕೊಂಡಿತು. ಮಾಬುಬಿ. ದಿನಾ ಇದೇ ಹೊತ್ತಿಗೆ ಮಾಡುತ್ತಿದ್ದಳು, ಕೊಲ್ಹಾರದಲ್ಲಿ ರಾತ್ರಿಯ ಊಟ ಮುಗಿಸಿ.

“ಸಿಕ್ಕನೇನ್ರಿ ಜಮಾದಾರ್ರ?”

“ಸಿಕ್ಕಾನ್ರಿ ಮಾಬುಬಿ.”

“ನೀರಾಗೋ, ಮಣ್ಣಾಗೋ?”

“ಮಣ್ಣಾಗ ಅದಾನ್ರಿ.”

“ಯಾವಾಗ ತರ್ತೀರಿ?”

ಶಬಾನಾಳ ಫೋನು ಖಂಡೆಪ್ಪನ ಎಡಗೈಯಲ್ಲಿತ್ತು, ತೆರೆದೇ ಇತ್ತು. ಹತ್ತು ಶಬ್ದ ಬರೆದು ಮುದುಕಿಯ ಮುಂದೆ ಹಿಡಿದರೆ ಸಾಕಿತ್ತು, ಅವಳ ಮಗ ಮತ್ತೆ ಕಳೆದುಹೋಗುತ್ತಿದ್ದ. ಮುದುಕಿ ಶಬಾನಾಳ ಕೆನ್ನೆ ಒರೆಸುತ್ತಿದ್ದಳು, ತನ್ನ ಶಾಲಿನ ತುದಿಯಿಂದ, ಹುಡುಕುವುದು ಮುಗಿದವರಿಗೆ ಮಾತ್ರ ಇರುವ ಸಮಾಧಾನದಿಂದ.

ಶಬಾನಾ ಕೈ ಚಾಚಿದಳು. “ಕಾಕಾ, ನನ್ನ ಫೋನ ಕೊಡ್ರಿ.”

ಖಂಡೆಪ್ಪ ಕೊಡಲಿಲ್ಲ. ಜೇಬಿಗೆ ಹಾಕಿಕೊಂಡ.

“ಕಾಕಾ.”

“ನಾ ಅವನ್ನ ತರಾಂಗಿಲ್ರಿ ಮಾಬುಬಿ,” ಎಂದ.

ಗುಡುಸಾಬನಿಗೆ ಕೊಟ್ಟ ಮಾತನ್ನು ಖಂಡೆಪ್ಪ ಮುರಿದ.